ನೆಲದ ಮೇಲೆ ನಿಂತವರು

ತರಗುಪೇಟೆಯ ಜನಕ್ಕೆ ಬಿಡಿ ವ್ಯಾಪಾರ ಎಂದರೆ ಅಷ್ಟಕ್ಕಷ್ಟೆ. ತರಗು ಎಂದರೆ ದಲ್ಲಾಳಿ ಎಂದು ನಮ್ಮ ಮಾವನವರು ಹೇಳುತ್ತಿದ್ದರು. ದಲ್ಲಾಳಿಯ ಲೆಕ್ಕವೆಲ್ಲ ಮೂಟೆಯಲ್ಲಿ, ಪಾವು ಚಟಾಕಿನಲ್ಲಲ್ಲ. ಎಷ್ಟೋ ಮಂಡಿಗಳು ಯಶವಂತಪುರದ ಕಡೆಗೆ ಹೋದವು, ಬೀದಿಯಲ್ಲಿ ಮೊದಲಿನ ಗದ್ದಲವೂ ಇಲ್ಲ. ಆದರೆ ಸಗಟು ಬುದ್ಧಿ ಮಾತ್ರ ನಮ್ಮನ್ನು ಬಿಟ್ಟಿಲ್ಲ. ಮದುವೆಗೆ ಸೀರೆಯನ್ನು ಡಜನ್ನಿನಲ್ಲಿ ತರುತ್ತೇವೆ, ಹಪ್ಪಳವನ್ನು ಸಾವಿರದ ಲೆಕ್ಕದಲ್ಲಿ ಒತ್ತುತ್ತೇವೆ. ಹಾಗಾಗಿ ‘ಒಂದೇ ದಿನದಲ್ಲಿ ನೆಲದೊಳಗಿನ ಚಿನ್ನದ ಗಣಿ, ಪುರಾತನ ಮಠ, ದ್ರಾಕ್ಷಾರಸದ ಕಾರ್ಖಾನೆ, ಗೈಡ್ ಸಹಿತ’ ಎಂಬ ಕರಪತ್ರ ನಮ್ಮ ಮಹಿಳಾ ಸಮಾಜಕ್ಕೆ ಬಂದಾಗ ಈ ಮೂರಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಬೇರೆ ಬೇರೆ ಹೋದರೆ ಎಷ್ಟಾಗುತ್ತದೆ, ಒಟ್ಟಿಗೆ ಹೋದರೆ ಎಷ್ಟು ಉಳಿಯುತ್ತದೆ ಎಂದಷ್ಟೇ ಲೆಕ್ಕ ಹಾಕಿದೆವು.

ಚರ್ಚೆ ಆದದ್ದೆಲ್ಲ ಸರದಿಯ ಬಗ್ಗೆ. ‘ಅದನ್ನು’ ನೋಡಿಕೊಂಡು ಬಂದು ಅದೇ ಮೈಯಲ್ಲಿ ಮಠದ ಹೊಸಿಲು ದಾಟುವುದೇ? ಕೊನೆಗೆ ಬೆಳಿಗ್ಗೆ ಗಣಿ, ಮಧ್ಯಾಹ್ನಕ್ಕೆ ಮಠದಲ್ಲಿ ತೀರ್ಥಪ್ರಸಾದ, ಸಂಜೆಗೆ ‘ಅದು’ ಎಂದು ಗೊತ್ತಾಯಿತು. ಹೊರಡುವವರೆಗೂ ಯಾರ ಬಾಯಲ್ಲೂ ವೈನ್ ಎಂಬ ಮಾತು ಬರಲಿಲ್ಲ.

ಒಂದು ಸೀಟು ಉಳಿದಿತ್ತು. ಚಿನ್ನದ ಗಣಿ ಎಂದು ಕಿವಿಗೆ ಬಿದ್ದದ್ದೇ ತಡ, ಪಾಟಿ ತಾವಾಗಿ ಬಂದು, “ನನ್ನೂ ಕರ್ಕೊಂಡು ಹೋಗ್ತೀರಾ ಅಮ್ಮಾ?” ಎಂದು ಕೇಳಿದರು. ಪಾಟಿ ನಮ್ಮ ಮಂಡಿಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕಾಳು ಕೇರಿ, ಕಲ್ಲು ಆರಿಸಿದವರು. ಹಮಾಲಿಯೊಬ್ಬರ ಹೆಂಡತಿಯಾಗಿ ಪೇಟೆಗೆ ಬಂದವರು. ಅವರ ತಮಿಳು ಬೆರೆತ ಕನ್ನಡ ನಮಗೆ ಎಷ್ಟು ಒಗ್ಗಿತ್ತೆಂದರೆ ತವರು ಯಾವುದೆಂಬ ಮಾತೇ ಎಂದೂ ಬಂದಿರಲಿಲ್ಲ. ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ ನಾವು ಹೊರಟದ್ದು. ಬಸ್ಸು ಹೊಸಕೋಟೆ ದಾಟಿ, ಚಿತ್ರಾನ್ನದ ಡಬ್ಬಿಗಳು ತೆರೆದುಕೊಳ್ಳುತ್ತಿದ್ದಾಗ ಅವರು ಹೇಳಿದರು: ಹುಟ್ಟಿದ್ದು ಕೋಲಾರ ಗಣಿಯ ಲೈನು ಮನೆಯಲ್ಲಿ, ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದವರು.

ಗೈಡ್ ಹುಡುಗ ಮೈಕು ಹಿಡಿದು ಚೆನ್ನಾಗಿಯೇ ಹೇಳಿದ. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸ ಹಿಡಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ತಂತಿಯ ಮೇಲೆ ಹಾದು ನೇರವಾಗಿ ಗಣಿಗೆ ಬಂತು. ಬೆಂಗಳೂರಿನಲ್ಲಿ ಬೀದಿದೀಪ ಹೊತ್ತಿದ್ದು 1905ರಲ್ಲಿ. ನಮ್ಮ ಅತ್ತೆಯವರ ಅತ್ತೆ ಹರಳೆಣ್ಣೆ ದೀಪದಲ್ಲಿ ಅಕ್ಕಿ ಆರಿಸುತ್ತಿದ್ದ ಕಾಲಕ್ಕೆ ಇಲ್ಲಿ ಕರೆಂಟಿನಿಂದ ಕಲ್ಲು ಪುಡಿಯಾಗುತ್ತಿತ್ತು ಎಂದಾಯಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಸುಮಾರು 120 ವರ್ಷಗಳಲ್ಲಿ ಹೊರಬಂದ ಚಿನ್ನ ಹತ್ತಿರ ಹತ್ತಿರ 800 ಟನ್. ಚಾಂಪಿಯನ್ ರೀಫ್ ಇಳಿದಿದ್ದು 3.2 ಕಿಲೋಮೀಟರ್ ಆಳಕ್ಕೆ. ಸಂಜೆ ನಾವು ನೋಡಲಿದ್ದ ನಂದಿಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್. ಅಂಥ ಎರಡನ್ನು ಒಂದರ ಮೇಲೊಂದು ನಿಲ್ಲಿಸಿ ಗಣಿಯೊಳಗೆ ಇಳಿಬಿಟ್ಟರೂ ತಲೆ ಕಾಣುವುದಿಲ್ಲ. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿಗೂ ಮೀರುತ್ತಿತ್ತಂತೆ, ಮೇಲಿನಿಂದ ಗಾಳಿಯನ್ನು ತಣ್ಣಗೆ ಮಾಡಿ ಕಳಿಸಬೇಕಾಗಿತ್ತು.

“ಅದೆಲ್ಲಾ ಸರಿಯಪ್ಪಾ, ಗಣಿ ಎಲ್ಲಿ?” ಎಂದರು ನಮ್ಮ ಕಾರ್ಯದರ್ಶಿ.

ಹುಡುಗ ದೂರಕ್ಕೆ ಕೈ ತೋರಿಸಿದ. ಬೇಲಿಯ ಆಚೆ, ತಲೆಯ ಮೇಲೆ ರಾಟೆ ಹೊತ್ತ ಒಂದು ಕಬ್ಬಿಣದ ಗೋಪುರ ತುಕ್ಕು ಹಿಡಿದು ನಿಂತಿತ್ತು. ಪಂಪು ನಿಂತ ಮೇಲೆ ಕೆಳಗೆಲ್ಲ ನೀರು ತುಂಬಿದೆ, ಯಾರನ್ನೂ ಇಳಿಯಬಿಡುವುದಿಲ್ಲ ಎಂದ. ನೆಲದೊಳಗಿನ ಗಣಿ ಎಂದು ಕರಪತ್ರದಲ್ಲಿ ಹಾಕಿ ದುಡ್ಡು ತೆಗೆದುಕೊಂಡು ಬೇಲಿ ತೋರಿಸುವುದೇ ಎಂದು ನಮ್ಮವರು ಎದ್ದುಬಿಟ್ಟರು. ಸಗಟಿನವರಿಗೆ ತೂಕದಲ್ಲಿ ಮೋಸವಾದರೆ ಸಹಿಸುವುದಿಲ್ಲ. ಆ ಗಲಾಟೆಯ ನಡುವೆ ಪಾಟಿ ನಗುತ್ತಿದ್ದರು. “ಹುಟ್ಟಿದಾಗಿಂದ ನಾನೂ ಇಷ್ಟೇ ಅಮ್ಮಾ ನೋಡಿರೋದು. ನಮ್ಮಮ್ಮನೂ ಇಷ್ಟೇ ನೋಡಿದ್ದು.”

ಆಮೇಲೆ ಗೈಡಿನ ಕಡೆ ಯಾರೂ ತಿರುಗಲಿಲ್ಲ.

ಆಳಕ್ಕೆ ಹೋದಂತೆ ಬಂಡೆಯೊಳಗಿನ ಒತ್ತಡ ಹೆಚ್ಚುತ್ತದೆ. ಮನುಷ್ಯ ಅಲ್ಲಿ ಕೊರೆದು ಜಾಗ ಮಾಡಿದಾಗ ಆ ಒತ್ತಡ ತಾಳದೆ ಬಂಡೆ ಒಮ್ಮೆಲೇ ಸಿಡಿಯುತ್ತದೆ. ಕೋಲಾರದ ಗಣಿಗಳು ಇದಕ್ಕೆ ಹೆಸರಾಗಿದ್ದವು. ಓದಿದವರು ರಾಕ್ ಬರ್ಸ್ಟ್ ಎನ್ನುವ ಇದನ್ನು ಲೈನು ಮನೆಯ ಹೆಂಗಸರು ತಿಳಿಯುತ್ತಿದ್ದದ್ದು ಗೂಡಿನ ಮೇಲಿನ ಪಾತ್ರೆಗಳಿಂದ. ಪಾತ್ರೆ ಗಲಗಲ ಎಂದಿತೋ, ಒಲೆಯ ಮೇಲಿನದನ್ನು ಇಳಿಸಿ, ಮಗುವನ್ನು ಕಂಕುಳಿಗೆ ಹಾಕಿಕೊಂಡು ಗಣಿಯ ಬಾಯಿಗೆ ಓಡುವುದು. ಅಲ್ಲಿ ಸುಮ್ಮನೆ ನಿಲ್ಲುವುದು. ಜನರನ್ನು ಮೇಲೆ ತರುವ ಕೇಜು ಬರುತ್ತದೆ, ಬಾಗಿಲು ತೆಗೆಯುತ್ತದೆ, ಒಬ್ಬೊಬ್ಬರೇ ಇಳಿಯುತ್ತಾರೆ.

“ಮೊದಲನೇ ಕೇಜಲ್ಲಿ ಅಪ್ಪ ಇಲ್ಲ ಅಂದ್ರೆ ಅಮ್ಮ ಎರಡನೇದಕ್ಕೆ ಕಾಯೋರು. ಎರಡನೇದರಲ್ಲಿ ಬಂದ್ರು ಅಂತ ಇಟ್ಕೊಳ್ಳಿ. ಪಕ್ಕದ ಮನೆಯಾಕೆ ಇನ್ನೂ ಅಲ್ಲೇ ನಿಂತಿರೋಳು. ನಗೋಕೂ ಆಗ್ತಿರಲಿಲ್ಲ. ಅಪ್ಪನ ಕೈ ಹಿಡ್ಕೊಂಡು, ತಲೆ ಬಗ್ಗಿಸಿ, ಮೆತ್ತಗೆ ಬಂದುಬಿಡೋದು.”

ಇದನ್ನು ಹೇಳುವಾಗ ಪಾಟಿ ಗೋಪುರದ ಕಡೆ ನೋಡುತ್ತಿರಲಿಲ್ಲ. ರಸ್ತೆಯ ಪಕ್ಕದ ಒಂದು ಖಾಲಿ ಜಾಗವನ್ನು ನೋಡುತ್ತಿದ್ದರು. ಅದೇ ಆ ಜಾಗವೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಅವರ ತಂದೆ ಸಿಡಿತದಲ್ಲಿ ಹೋಗಲಿಲ್ಲ, ಕೆಮ್ಮಿನಲ್ಲಿ ಹೋದರು. ಕಲ್ಲಿನ ದೂಳು ವರ್ಷಗಟ್ಟಲೆ ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿ ಮಾಡಿಬಿಡುವ ಸಿಲಿಕೋಸಿಸ್ ಎಂಬ ಆ ಕಾಯಿಲೆಗೆ ವಾಪಸ್ಸಾಗುವ ದಾರಿಯಿಲ್ಲ. ಎರಡು ಹೆಜ್ಜೆಗೊಮ್ಮೆ ಕೂರುತ್ತಿದ್ದರಂತೆ. ಊರಿನಲ್ಲಿ ಎಲ್ಲಿ ನಿಂತರೂ ಸೈನೈಡ್ ಗುಡ್ಡಗಳು ಕಾಣುತ್ತವೆ. ಚಿನ್ನವನ್ನು ಬೇರೆ ಮಾಡಿದ ಮೇಲೆ ಉಳಿದ ಕಲ್ಲಿನ ಹಿಟ್ಟು ಅದು, ಲಕ್ಷಗಟ್ಟಲೆ ಟನ್ನು, ಬೂದಿ ಬಣ್ಣದ ಚಪ್ಪಟೆ ತಲೆಯ ಬೆಟ್ಟಗಳಾಗಿ ಕೂತಿದೆ. ಗಾಳಿ ಎದ್ದಾಗ ಒಣಹಾಕಿದ ಬಟ್ಟೆಯ ಮೇಲೂ ಅನ್ನದ ಮೇಲೂ ಬೀಳುತ್ತಿತ್ತು ಎಂದರು ಪಾಟಿ. ಒಂದು ಟನ್ ಕಲ್ಲಿಗೆ ಮೊದಮೊದಲು ಹತ್ತಾರು ಗ್ರಾಂ ಚಿನ್ನ ಸಿಕ್ಕುತ್ತಿದ್ದದ್ದು ಕೊನೆಗೆ ಕೆಲವೇ ಗ್ರಾಮಿಗೆ ಇಳಿಯಿತು, ಅದಕ್ಕೇ ಗಣಿ ನಷ್ಟಕ್ಕೆ ಬಿತ್ತು ಎಂದ ಗೈಡ್. ನಾನು ಪೇಟೆಯ ಲೆಕ್ಕ ಹಾಕಿದೆ. ಐವತ್ತು ಕೆ.ಜಿ.ಯ ಇಪ್ಪತ್ತು ಮೂಟೆ ಕಲ್ಲು ಕೇರಿದರೆ ಒಂದು ಸಣ್ಣ ಉಂಗುರ. ಪಾಟಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ನಾನು ಅಕ್ಕೀಲಿ ಕಲ್ಲು ಹುಡುಕಿದೆ, ನಮ್ಮಪ್ಪ ಕಲ್ಲಲ್ಲಿ ಅಕ್ಕಿ ಹುಡುಕಿದರು” ಎಂದರು.

ಹೆಂಗಸರು ಕೆಳಗೆ ಇಳಿಯುವಂತೆಯೇ ಇರಲಿಲ್ಲವೇ ಎಂದು ನಮ್ಮಲ್ಲೊಬ್ಬ ಹುಡುಗಿ ಕೇಳಿದಳು. ಇರಲಿಲ್ಲ. 1952ರ ಗಣಿ ಕಾಯಿದೆ ನೆಲದಡಿಯ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳಬಾರದು ಎಂದೇ ಹೇಳಿತ್ತು. 2019ರಲ್ಲಿ ಅದನ್ನು ಸಡಿಲಿಸಿ, ತಾಂತ್ರಿಕ ಮತ್ತು ಮೇಲ್ವಿಚಾರಣೆಯಂಥ ಕೆಲಸಗಳಿಗೆ, ಅವರ ಲಿಖಿತ ಒಪ್ಪಿಗೆ ಪಡೆದು, ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ಇಳಿಯಬಹುದೆಂದು ಮಾಡಿದರು. ಅಷ್ಟರಲ್ಲಿ ಈ ಗಣಿ ಮುಚ್ಚಿ ಹದಿನೆಂಟು ವರ್ಷ. ಕಾಪಾಡುವುದಕ್ಕೆಂದು ಮಾಡಿದ ಕಾಯಿದೆ ಅದು ಎನ್ನುತ್ತಾರೆ, ಇರಬಹುದು. ಗಣಿಯ ಬಾಯಲ್ಲಿ ನಿಂತು ಎರಡನೆಯ ಕೇಜಿಗೆ ಕಾಯುವುದರಿಂದ ಕಾಪಾಡುವ ಕಾಯಿದೆಯನ್ನು ಯಾರೂ ಮಾಡಿರಲಿಲ್ಲ.

ಗಣಿಗಳಿಗೆ ನೀರು ಕೊಟ್ಟ ಬೇತಮಂಗಲದ ಕೆರೆಯನ್ನು ದಾಟಿ ಮುಳಬಾಗಿಲಿಗೆ ಬಂದೆವು. ಮುಳಬಾಗಿಲು ದೋಸೆ ತಿನ್ನದೆ ಹೋಗುವುದುಂಟೇ ಎಂದು ಕೆಲವರು, ಪ್ರಸಾದಕ್ಕೆ ಮೊದಲು ದೋಸೆಯೇ ಎಂದು ಕೆಲವರು. ಪ್ರಸಾದದ ಪಕ್ಷ ಗೆದ್ದಿತು. ಊರಾಚೆಯ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನ, ಮಠ, ಕಲ್ಯಾಣಿ. ಹದಿನೈದನೆಯ ಶತಮಾನದ ಯತಿಗಳು, ವ್ಯಾಸರಾಯರಿಗೆ ಪಾಠ ಹೇಳಿದ ಗುರುಗಳು. ಅವರು ಸಂಸ್ಕೃತದ ದೊಡ್ಡ ಪಂಡಿತರು ಎಂಬುದಕ್ಕಿಂತ ರಂಗವಿಠಲ ಎಂಬ ಅಂಕಿತದಲ್ಲಿ ಕನ್ನಡದಲ್ಲಿ ಹಾಡು ಕಟ್ಟಿದರು ಎಂಬುದೇ ನನಗೆ ಮುಖ್ಯ. ಶಾಸ್ತ್ರವೆಲ್ಲ ಸಂಸ್ಕೃತದಲ್ಲೇ ಇದ್ದಿದ್ದರೆ ನಮ್ಮ ಅಜ್ಜಿಯರು ಅಡುಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತಾ ಏನನ್ನು ಹಾಡುತ್ತಿದ್ದರು? ಆ ಹೊಸಿಲಿನ ಒಳಕ್ಕೆ ಬರುವುದಕ್ಕೆ ವಿದ್ಯೆಗೆ ಕನ್ನಡವೇ ಬೇಕಾಯಿತು.

ಪ್ರದಕ್ಷಿಣೆ ಬರುವಾಗ ಪಾಟಿ ನನ್ನ ಸೆರಗು ಜಗ್ಗಿದರು. “ಸ್ವಾಮಿಗಳು ಒಳಗೇ ಇದಾರಾ ಅಮ್ಮಾ?”

“ಹೌದು ಪಾಟಿ, ಒಳಗೇ.”

“ಎಷ್ಟು ಆಳ?”

ಹುಟ್ಟಿದಂದಿನಿಂದ ಎಷ್ಟೋ ವೃಂದಾವನಗಳನ್ನು ಸುತ್ತಿದ್ದೇನೆ. ಈ ಪ್ರಶ್ನೆಯನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ಕಾರ್ಯದರ್ಶಿಯವರು ಹಿಂದಿನಿಂದ ಕಣ್ಣು ಬಿಟ್ಟರು. ಪಾಟಿ ಉತ್ತರಕ್ಕೆ ಕಾಯಲಿಲ್ಲ. ಮೂರು ಸುತ್ತು ಮುಗಿಸಿ, ನೆಲಕ್ಕೆ ಹಣೆ ಮುಟ್ಟಿಸಿ ಸ್ವಲ್ಪ ಹೆಚ್ಚೇ ಹೊತ್ತು ಹಾಗೇ ಇದ್ದರು.

ಊಟವಾದ ಮೇಲೆ ದೂರದ ದಾರಿ. ಕೋಲಾರ, ಚಿಕ್ಕಬಳ್ಳಾಪುರದ ಮೇಲೆ ನಂದಿಯ ತಪ್ಪಲಿಗೆ ಬರುವಷ್ಟರಲ್ಲಿ ನಾಲ್ಕೂವರೆ. ತಮಾಷೆಯೆಂದರೆ ಕೋಲಾರದ ಗಣಿಗಳಲ್ಲಿ ಒಂದಕ್ಕೆ ನಂದಿದುರ್ಗ ಎಂದೇ ಹೆಸರು. ಪಾಟಿ ಆ ಹೆಸರನ್ನು ಬಾಲ್ಯದಿಂದ ಕೇಳಿದ್ದರು, ಬೆಟ್ಟವನ್ನು ನೋಡಿದ್ದು ಅಂದೇ. ದೊಡ್ಡಬಳ್ಳಾಪುರದ ಬಳಿಯ ಗ್ರೋವರ್ ದ್ರಾಕ್ಷಿ ತೋಟ 1988ರಲ್ಲಿ ಆರಂಭವಾದದ್ದು, ನಮ್ಮ ರಾಜ್ಯದಲ್ಲಿ ಈ ಉದ್ಯಮಕ್ಕೆ ದಾರಿ ಹಾಕಿದ್ದು. ಅಲ್ಲಿಯವರು ಬಹಳ ಮರ್ಯಾದೆಯಿಂದ ಎಲ್ಲ ತೋರಿಸಿದರು. ಕೆಂಪು ವೈನಿಗೆ ಬಣ್ಣ ಬರುವುದು ರಸದಿಂದಲ್ಲ, ಸಿಪ್ಪೆಯಿಂದ. ಸಿಪ್ಪೆಯ ಜೊತೆಯಲ್ಲೇ ಹುಳಿಯಲು ಬಿಡುತ್ತಾರೆ. ಬಿಳಿಯದಕ್ಕೆ ಮೊದಲೇ ಹಿಂಡಿ ಸಿಪ್ಪೆ ತೆಗೆಯುತ್ತಾರೆ. ಇಡ್ಲಿ ಹಿಟ್ಟು ಹುಳಿಸಿ ಗೊತ್ತಿದ್ದವರಿಗೆ ಇದರಲ್ಲಿ ಕಷ್ಟವೇನಿಲ್ಲ. ಯಾವ ಚಳಿಗೆ ಎಷ್ಟು ಹೊತ್ತು, ಪಾತ್ರೆ ಎಷ್ಟು ಖಾಲಿ ಬಿಡಬೇಕು ಎಂದು ನಮ್ಮವರು ಕೇಳಿದ ಪ್ರಶ್ನೆಗಳಿಗೆ ಆ ಹುಡುಗ ಬೆರಗಾದ.

ಮಠಕ್ಕೂ ಇದಕ್ಕೂ ದೂರ ಎಂದು ನಾವಂದುಕೊಂಡದ್ದು ಫ್ರಾನ್ಸಿಗೆ ಹೊಂದುವುದಿಲ್ಲ. ಅಲ್ಲಿ ದ್ರಾಕ್ಷಿ ತೋಟ ನೋಡಿಕೊಂಡವರೇ ಮಠದ ಸನ್ಯಾಸಿಗಳು. ಷಾಂಪೇನಿಗೆ ಅಂಟಿಕೊಂಡಿರುವ ಡಾಂ ಪೆರಿಗ್ನೋನ್ ಎಂಬ ಹೆಸರು 1715ರಲ್ಲಿ ತೀರಿಕೊಂಡ ಒಬ್ಬ ಸನ್ಯಾಸಿಯದು. ಮಠದ ಉಗ್ರಾಣ ಅವರ ಕೈಯಲ್ಲಿತ್ತು. ನೂರು ವರ್ಷದ ಮೇಲೆ ಅದೇ ಷಾಂಪೇನಿನ ತಳದ ಗಸಿ ತೆಗೆದು ತಿಳಿ ಮಾಡುವ ಉಪಾಯ ಕಂಡವರು ಮೇಡಂ ಕ್ಲಿಕೋ ಎನ್ನುತ್ತಾರೆ. 1805ರಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ವ್ಯಾಪಾರವನ್ನು ಕೈಗೆ ತೆಗೆದುಕೊಂಡಾಕೆ. ಆ ಸೀಸೆಯ ಮೇಲೆ ಈಗಲೂ ಫ್ರೆಂಚಿನಲ್ಲಿ ‘ವಿಧವೆ’ ಎಂದೇ ಅಚ್ಚಾಗುತ್ತದೆ. ನಮ್ಮ ಪೇಟೆಯಲ್ಲಿ ಗಂಡ ಹೋದ ಮೇಲೆ ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತ ಹೆಂಗಸನ್ನು ನಾನು ಕಂಡದ್ದು ಒಬ್ಬರನ್ನೇ. ಬೋರ್ಡಿನ ಮೇಲೆ ಮಾತ್ರ ಮೈದುನನ ಹೆಸರಿತ್ತು.

ರುಚಿ ನೋಡುವ ಹೊತ್ತು ಬಂತು. ಕಾರ್ಯದರ್ಶಿಯವರು ಮೂಸಿ ಇಟ್ಟರು. ಕೆಲವರು ತುಟಿ ತಾಗಿಸಿ ಮುಖ ಸಿಂಡರಿಸಿದರು. ಅತ್ತೆ ಜೊತೆಯಲ್ಲಿಲ್ಲದ ಒಬ್ಬ ಸೊಸೆ ತನ್ನ ಪಾಲಿನದನ್ನೂ ಅಕ್ಕಪಕ್ಕದವರದನ್ನೂ ಮುಗಿಸಿದಳು, ಹೆಸರು ಹೇಳುವುದಿಲ್ಲ. ಪಾಟಿ ಮುಟ್ಟಲಿಲ್ಲ. ಸಂಬಳದ ದಿನವೂ ಅವರಮ್ಮ ಗಣಿಯ ಹತ್ತಿರ ಹೋಗಿ ಹೀಗೇ ನಿಲ್ಲುತ್ತಿದ್ದರಂತೆ, ಸಾರಾಯಿ ಅಂಗಡಿಗಿಂತ ಮೊದಲು ಸಂಬಳವನ್ನು ಹಿಡಿಯಬೇಕಲ್ಲ. “ಕಲ್ಲು ಸಿಡಿದ ದಿನ ಎಲ್ಲ ಹೆಂಗಸರೂ ಅಳೋರು. ಸಂಬಳದ ದಿನ ಅರ್ಧ ಜನ ಅಳೋರು.”

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದಕ್ಕಾಗಿ ಹಳ್ಳಿ ಹಳ್ಳಿಯಲ್ಲಿ ಹೋರಾಡಿದವರು ಹೆಂಗಸರು. ದ್ರಾಕ್ಷಾರಸಕ್ಕೆ ಪ್ರೋತ್ಸಾಹ ಕೊಡುವ ಸರ್ಕಾರದ ನೀತಿ ಬಂದದ್ದೂ ಅದೇ 2007ರಲ್ಲಿ. ಬೆಳೆಗಾರನಿಗೆ ಅದರಿಂದ ಒಳ್ಳೆಯದಾದರೆ ನನಗೆ ತಕರಾರಿಲ್ಲ. ಆದರೆ ಉದ್ದ ಕಾಲಿನ ಗಾಜಿನ ಲೋಟವನ್ನು ಹೇಗೆ ಹಿಡಿಯಬೇಕು, ಹೇಗೆ ತಿರುಗಿಸಿ ಮೂಸಬೇಕು ಎಂದು ಆ ಹುಡುಗ ಹೇಳಿಕೊಡುತ್ತಿದ್ದಾಗ ನನ್ನ ಕಣ್ಣು ಪಾಟಿಯ ಕಡೆಗೇ ಹೋಗುತ್ತಿತ್ತು. ಅವರು ಸೀಸೆಯ ಬೆಲೆ ಚೀಟಿಯನ್ನು ತಿರುಗಿಸಿ ನೋಡಿ, ಬೆರಳು ಮಡಿಸುತ್ತಾ ಎಷ್ಟು ದಿನದ ಕೂಲಿ ಎಂದು ಎಣಿಸುತ್ತಿದ್ದರು.

ಹೊರಗೆ ರಸ್ತೆ ಬದಿಯಲ್ಲಿ ನಮ್ಮ ನೀಲಿ ದ್ರಾಕ್ಷಿ ಮಾರುತ್ತಿದ್ದರು. ದಪ್ಪ ಸಿಪ್ಪೆ, ಬೀಜ, ಹುಳಿ ಸಿಹಿ; 2013ರಲ್ಲಿ ಬೆಂಗಳೂರು ನೀಲಿ ಎಂಬ ಹೆಸರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದದ್ದು. ಪಾಟಿ ಎರಡು ಕೆ.ಜಿ. ಕೊಂಡರು. ದುಡ್ಡು ನಾನು ಕೊಡುತ್ತೇನೆಂದರೂ ಬಿಡಲಿಲ್ಲ.

ದೇವನಹಳ್ಳಿ ದಾಟುವ ಹೊತ್ತಿಗೆ ಕತ್ತಲಾಗಿ, ಡ್ರೈವರು ಒಳಗಿನ ದೀಪ ಆರಿಸಿದ. ಅರ್ಧ ಜನ ನಿದ್ದೆ. ಪಾಟಿ ಮಡಿಲಲ್ಲಿ ಹಳೆಯ ಪೇಪರು ಹರಡಿಕೊಂಡು ದ್ರಾಕ್ಷಿ ಬಿಡಿಸುತ್ತಾ ಕುಳಿತಿದ್ದರು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ, ಬೆರಳಿಗೇ ತಿಳಿಯುತ್ತಿತ್ತು: ಕೊಳೆತದ್ದು ಒಂದು ಕಡೆ, ಒಡೆದದ್ದು ಒಂದು ಕಡೆ, ಗಟ್ಟಿಯಾದದ್ದು ಚೀಲಕ್ಕೆ. ಆಮೇಲೆ ಎದ್ದು, ಸೀಟಿನ ಕಂಬಿ ಹಿಡಿದುಕೊಂಡು, ಒಬ್ಬೊಬ್ಬರ ಕೈಗೂ ಒಂದೊಂದು ಹಿಡಿ ಕೊಡುತ್ತಾ ಬಂದರು. ಮಲಗಿದ್ದ ಕಾರ್ಯದರ್ಶಿಯವರ ಪಾಲನ್ನು ಅವರ ಚಿತ್ರಾನ್ನದ ಖಾಲಿ ಡಬ್ಬಿಗೆ ಹಾಕಿ ಮುಚ್ಚಿದರು.