‘ಹಕ್ಕಿ ಅಂದ್ರ ಕಾಲ, ಬರಕೋ’

ಆದೋನಿ ತಾಲೂಕು 1953ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿತು. ನಮ್ಮ ಕೌತಾಳಂ ಕಡೆ ಕನ್ನಡ ಮಾತಾಡುವ ಮನೆಗಳು ಈಗಲೂ ಇವೆ, ಕನ್ನಡದಲ್ಲಿ ಓದುವ ಮಕ್ಕಳೂ ಇದ್ದಾರೆ. ಅವರ ಹೋಮ್‌ವರ್ಕ್ ನೋಡುವವರೇ ಕಡಿಮೆ. ಇಲ್ಲಿ ಹತ್ತಿ ಬಿಡಿಸಿ ಮುಗಿದ ಮೇಲೆ ಎಷ್ಟೋ ಮನೆಯವರು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೋಗುತ್ತಾರೆ. ಅಜ್ಜಿಯ ಜೊತೆ ಉಳಿದ ಮಕ್ಕಳು ಸಂಜೆ ನನ್ನ ಹತ್ತಿರ ಮನೆಪಾಠಕ್ಕೆ ಬರುತ್ತಿದ್ದರು. ನನ್ನ ಕೈಲಿ ಪಠ್ಯಪುಸ್ತಕಕ್ಕಿಂತ ಹೆಚ್ಚು ಹೊತ್ತು ಇರುತ್ತಿದ್ದುದು ಗೈಡು.

ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಪದ್ಯದ ಭಾವಾರ್ಥ ಬರೆಯಬೇಕಿತ್ತು. ಒಬ್ಬ ಹುಡುಗಿ ಓದಿ ಮುಗಿಸಿ, “ಇದು ಯಾರನ್ನೂ ಕೇಳದಂಗ ಹೊಂಟೈತಲ್ಲ ಸರ್, ಗುಳೆ ಹೊಂಟಂಗ” ಅಂದಳು. ನಾನು ತಲೆ ಎತ್ತಲಿಲ್ಲ. “ಹಕ್ಕಿ ಅಂದ್ರ ಕಾಲ, ಬರಕೋ” ಅಂದೆ. ಬರೆದುಕೊಂಡಳು. ಶಾಲೆಯಲ್ಲಿ ಪೂರ್ತಿ ಅಂಕವೂ ಬಂತು. ನನಗೆ ಹೆಮ್ಮೆಯೇ ಆಯಿತು, ಸುಳ್ಳೇಕೆ ಹೇಳಲಿ.

ಮುಂದಿನ ಪರೀಕ್ಷೆಯಲ್ಲಿ ಪಾಠದಲ್ಲಿಲ್ಲದ ಪದ್ಯವೊಂದನ್ನು ಕೊಟ್ಟು ಪ್ರಶ್ನೆ ಕೇಳಿದ್ದರು. ಮಾಡಿನಲ್ಲಿ ಗೂಡು ಕಟ್ಟುವ ಗುಬ್ಬಿಯ ಪದ್ಯ, ಮಕ್ಕಳಿಗೆಂದೇ ಬರೆದದ್ದು. ಅವಳ ಉತ್ತರ: ಇಲ್ಲಿ ಗುಬ್ಬಿ ಎಂದರೆ ಕಾಲ. “ಯಾಕವ್ವಾ ಹಿಂಗ ಬರದಿ?” ಅಂದರೆ, “ಪದ್ಯದಾಗ ಹಕ್ಕಿ ಬಂದ್ರ ಕಾಲ ಅಂತ ನೀವೇ ಹೇಳಿದ್ರಲ್ಲ ಸರ್” ಅಂದಳು. ಗುಳೆಯ ಮಾತು ಆಡಿದ್ದ ಹುಡುಗಿ ಇವಳೇ. ಬೇಂದ್ರೆಯ ಹಕ್ಕಿ ರಾಜರನ್ನೂ ರಾಜ್ಯಗಳನ್ನೂ ದಾಟಿ ಯಾರಿಗೂ ನಿಲ್ಲದೆ ಹೋಗುತ್ತದೆ. ಆ ನಿಲ್ಲದಿರುವಿಕೆಯನ್ನು ಅವಳು ಗೈಡಿಲ್ಲದೆಯೇ ಹಿಡಿದಿದ್ದಳು. ಅಲ್ಲಿಂದ ಕಾಲದವರೆಗೆ ಒಂದೇ ಹೆಜ್ಜೆ. ಅದನ್ನು ಅವಳೇ ಇಡಬಹುದಿತ್ತು, ನಾನು ಬಿಡಲಿಲ್ಲ.

ಆಮೇಲೆ ಮಕ್ಕಳ ಮುಂದೆ ರವಿವರ್ಮನ ‘ಸರಸ್ವತಿ’ ಚಿತ್ರ ಇಟ್ಟು, ಏನೇನು ಕಾಣುತ್ತದೋ ಬರೆಯಿರಿ ಎಂದೆ. ಸುಮಾರು ಎಲ್ಲರೂ ವೀಣೆ, ನಾಲ್ಕು ಕೈ, ಹಂಸ ಎಂದು ಬರೆದರು. ಚಿತ್ರದಲ್ಲಿ ದೇವಿಯ ಪಕ್ಕ ಇರುವುದು ನವಿಲು! ಸರಸ್ವತಿ ಅಂದರೆ ಹಂಸ ಎಂದು ಬಾಯಿಪಾಠವಾಗಿತ್ತು, ಕಣ್ಣು ಮುಂದಿನದನ್ನು ಬಿಟ್ಟಿತು. ಅದೂ ನನ್ನಂಥವರ ಪಾಠವೇ.

ಹಾಗೆಂದು ಪದ್ಯಕ್ಕೆ ಯಾರು ಏನು ಅಂದರೂ ಸರಿ ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಇದು ದಾಸರ ಸೀಮೆ. ವಿಜಯದಾಸರ ಕೊನೆಗಾಲದ ಚಿಪ್ಪಗಿರಿ ಆಲೂರಿನಾಚೆ ಇದೆ, ಜಗನ್ನಾಥದಾಸರ ಮಾನ್ವಿ ತುಂಗಭದ್ರೆ ದಾಟಿದರೆ ಸಿಗುತ್ತದೆ. ಜಗನ್ನಾಥದಾಸರ ‘ಹರಿಕಥಾಮೃತಸಾರ’ಕ್ಕೆ ವ್ಯಾಖ್ಯಾನಗಳು ಒಂದೆರಡಲ್ಲ. ವ್ಯಾಖ್ಯಾನಕಾರರು ಒಬ್ಬರಿಗಿಂತ ಒಬ್ಬರು ಬೇರೆ ಹೇಳಿಯಾರು, ಆದರೆ ಪದ ಪದಕ್ಕೂ ಲೆಕ್ಕ ಕೊಡುತ್ತಾರೆ. ಕನಕದಾಸರ ಒಗಟಿನಂಥ ಮುಂಡಿಗೆ ಬಿಡಿಸುವವರೂ ಅಷ್ಟೇ, ಒಂದು ಸಾಲು ಕೂಡದಿದ್ದರೆ ಇಡೀ ಅರ್ಥವನ್ನೇ ಕೈಬಿಡಬೇಕು.

ಈಗ ನನ್ನಲ್ಲಿ ಗೈಡು ಹೊರಗೆ ಬರುವುದು ಕೊನೆಗೆ. ಮೊದಲು ಪದ್ಯವನ್ನು ಗಟ್ಟಿಯಾಗಿ ಓದುತ್ತಾರೆ, ಕಂಡದ್ದು ಹೇಳುತ್ತಾರೆ, ಯಾವ ಸಾಲಿನಲ್ಲಿ ಕಂಡಿತೆಂದು ಬೆರಳಿಟ್ಟು ತೋರಿಸುತ್ತಾರೆ. ಇದರಿಂದ ಅಂಕ ಹೆಚ್ಚಾಗಿವೆ ಎಂದು ಹೇಳಲಾರೆ. ಕೆಲವರಿಗೆ ಕಡಿಮೆಯೇ ಆಗಿವೆ. ಮೌಲ್ಯಮಾಪನ ಮಾಡುವ ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ ಇಷ್ಟೇ: ಗೈಡಿನಲ್ಲಿಲ್ಲದ ಉತ್ತರ ಕಂಡರೆ, ಕೆಂಪು ಗೆರೆ ಎಳೆಯುವ ಮೊದಲು ಪದ್ಯವನ್ನು ನೀವೂ ಇನ್ನೊಮ್ಮೆ ಓದಿ ನೋಡಿ.