ಕೋಡಿ ಬಿದ್ದ ವರ್ಷ ಗ್ಯಾರೇಜಿಗೆ ಬಂದ ಟಫ್‌ಬುಕ್

ವಾಣಿವಿಲಾಸ ಸಾಗರ ಕೋಡಿ ಬಿದ್ದ ವರ್ಷದ ಮಾತು ಇದು. ಮಾರಿಕಣಿವೆ ಅಂತಲೂ ಕರೆಯುವ, 1907ರಲ್ಲಿ ಕಟ್ಟಿ ಮುಗಿದ ಈ ಜಲಾಶಯ 1933ರಲ್ಲಿ ಒಮ್ಮೆ ತುಂಬಿ ಹರಿದಿದ್ದು ಬಿಟ್ಟರೆ 2022ರ ಸೆಪ್ಟೆಂಬರ್‌ವರೆಗೆ, ಅಂದರೆ 89 ವರ್ಷ, ಮತ್ತೆ ಕೋಡಿ ಹರಿದಿರಲಿಲ್ಲ. ಹಿರಿಯೂರಿನ ನಮ್ಮಂಥವರಿಗೆ ಅದು ಅಜ್ಜಂದಿರ ಬಾಯಲ್ಲಿ ಕೇಳಿದ ಕಥೆ. ನೀರು 130 ಅಡಿ ಮುಟ್ಟಿತು ಅನ್ನೋ ಸುದ್ದಿ ಹಬ್ಬಿದ್ದೇ ತಡ, ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಚಳ್ಳಕೆರೆ ಕಡೆಯ ಜನ ಸಿಕ್ಕ ಸಿಕ್ಕ ಗಾಡಿ ಹತ್ತಿ ಬಂದರು. ಮಳೆ ಬೇರೆ ಬಿಟ್ಟಿರಲಿಲ್ಲ. ರಸ್ತೆಯ ಮೇಲೆ ನಿಂತ ನೀರಿಗೆ ನುಗ್ಗಿ ಎಷ್ಟೋ ಕಾರು ಅಲ್ಲಲ್ಲೇ ನಿಂತವು. ಹಾಗೆ ನಿಂತ ಒಂದು ಗಾಡಿಯ ಕಥೆ ಹೇಳುತ್ತೇನೆ. ಅದಕ್ಕೆ ಮೊದಲು ಆ ಗಾಡಿಗೆ ನೆರವಾದ ಲ್ಯಾಪ್‌ಟಾಪ್ ಹೇಗೆ ಬಂತು ಅಂತ ಹೇಳಬೇಕು.

ಹುಳಿಯಾರು ರಸ್ತೆಯಲ್ಲಿ ಒಬ್ಬ ಮೇಸ್ತ್ರಿಯ ಗ್ಯಾರೇಜಿತ್ತು. ಮ್ಯಾಟಡೋರ್, ಅಂಬಾಸಿಡರ್ ಕಾಲದಿಂದ ಕೈ ಪಳಗಿಸಿಕೊಂಡ ಮನುಷ್ಯ. ಎಂಜಿನ್ ಸದ್ದು ಕೇಳಿಯೇ ಯಾವ ಸಿಲಿಂಡರ್ ಹೊಡೀತಿಲ್ಲ ಅಂತ ಹೇಳುತ್ತಿದ್ದರು, ಹೇಳಿದ್ದು ತಪ್ಪುತ್ತಿರಲಿಲ್ಲ. ಆದರೆ ಡೀಸೆಲ್ ಗಾಡಿಗಳಿಗೆ ಕಾಮನ್ ರೈಲ್ ಅನ್ನೋ ಇಂಧನ ವ್ಯವಸ್ಥೆ ಬಂತು, ಎಂಜಿನ್ನಿಗೊಂದು ಕಂಪ್ಯೂಟರ್ ಬಂತು, ಮೀಟರ್ ಬೋರ್ಡಿನಲ್ಲಿ ಹಳದಿ ಚೆಕ್ ಲೈಟ್ ಬಂತು. 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್-4 ಹೊಗೆ ನಿಯಮ, 2020ರ ಏಪ್ರಿಲ್‌ನಿಂದ ಬಿಎಸ್-6. ಲೈಟ್ ಹತ್ತಿದ ಗಾಡಿ ಬಂದರೆ ಮೇಸ್ತ್ರಿ ಅದನ್ನು ಸ್ಕ್ಯಾನಿಂಗ್‌ಗೆ ಅಂತ ಚಿತ್ರದುರ್ಗಕ್ಕೋ ತುಮಕೂರಿಗೋ ಕಳಿಸಬೇಕು. ಹೋದ ಗಾಡಿ ಅಲ್ಲೇ ರಿಪೇರಿಯಾಗುತ್ತಿತ್ತು, ಗಿರಾಕಿಯೂ ಅಲ್ಲಿಯವನಾಗುತ್ತಿದ್ದ. ಕೈಯಲ್ಲಿ ವಿದ್ಯೆಯಿದ್ದೂ ಕೆಲಸ ಬೇರೆಯವರ ಪಾಲಾಗುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನದು ಆಗ ಪಕ್ಕದಲ್ಲೇ ಕಂಪ್ಯೂಟರ್ ರಿಪೇರಿ ಅಂಗಡಿ.

ಅವರ ಹತ್ತಿರ ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಅಗ್ಗದ ಸ್ಕ್ಯಾನಿಂಗ್ ಅಡಾಪ್ಟರ್ ಒಂದಿತ್ತು. ಹೊಸ ಗಾಡಿಗಳಿಗೆ ಪರವಾಗಿಲ್ಲ, ಹಳೆಯವಕ್ಕೆ ಕನೆಕ್ಟೇ ಆಗುತ್ತಿರಲಿಲ್ಲ. ಕಾರಣವಿದೆ. ಸ್ಟೇರಿಂಗ್ ಕೆಳಗೆ ಕೈ ಹಾಕಿದರೆ ಸಿಗುವ ಹದಿನಾರು ಪಿನ್ನಿನ ಸಾಕೆಟ್ ನೋಡಿದ್ದೀರಲ್ಲ, ಹೆಚ್ಚು ಕಡಿಮೆ ಎಲ್ಲ ಗಾಡಿಯಲ್ಲೂ ಅದರ ಆಕಾರ ಒಂದೇ. 16ನೇ ಪಿನ್ನಿಗೆ ಬ್ಯಾಟರಿಯ ಪಾಸಿಟಿವ್, 4 ಮತ್ತು 5ಕ್ಕೆ ಅರ್ಥ್. ಹೊಸ ಗಾಡಿಗಳು 6 ಮತ್ತು 14ನೇ ಪಿನ್ನಿನಲ್ಲಿ ಕ್ಯಾನ್ ಅನ್ನೋ ಜೋಡಿ ತಂತಿಯ ಮೇಲೆ ಮಾತಾಡುತ್ತವೆ. ಹಳೆಯವು 7ನೇ ಪಿನ್ನಿನ ಕೆ-ಲೈನ್ ಅನ್ನೋ ಒಂಟಿ ತಂತಿಯ ಮೇಲೆ. ಆ ಕೆ-ಲೈನ್‌ನ ಒಂದು ಹಳೇ ಪದ್ಧತಿಯಲ್ಲಿ ಎಂಜಿನ್ ಕಂಪ್ಯೂಟರನ್ನು ಎಬ್ಬಿಸಲು ಸೆಕೆಂಡಿಗೆ ಐದೇ ಬಿಟ್‌ನಂತೆ ನಿಧಾನವಾಗಿ ವಿಳಾಸ ಕಳಿಸಬೇಕು. ಎದ್ದ ಮೇಲೆ ಅದು 10,400ರ ವೇಗಕ್ಕೆ ಜಿಗಿಯುತ್ತದೆ. ಈ ಲೆಕ್ಕ ಚೂರು ತಪ್ಪಿದರೂ ಆ ಕಡೆಯಿಂದ ಉತ್ತರವಿಲ್ಲ. ಅಗ್ಗದ ನಕಲಿ ಚಿಪ್ಪುಗಳು ಮುಗ್ಗರಿಸುತ್ತಿದ್ದುದು ಬಹಳ ಸಲ ಇಲ್ಲೇ.

ಅದಕ್ಕೇ ನಾನು ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಹುಡುಕಿ ಪ್ಯಾನಸೋನಿಕ್ ಟಫ್‌ಬುಕ್ ಸಿಎಫ್-30 ತಂದೆ. ಮೆಗ್ನೀಷಿಯಂ ಲೋಹದ ಮೈ, ಎತ್ತಿಕೊಳ್ಳಲು ಹಿಡಿ, ಪ್ರತಿ ಕಿಂಡಿಗೂ ರಬ್ಬರ್ ಮುಚ್ಚಳ, ನಾಲ್ಕು ಕೆಜಿಗೆ ಹತ್ತಿರದ ತೂಕ. ಪೊಲೀಸರು, ಮಿಲಿಟರಿಯವರು, ಗಣಿಯವರು ಬಳಸಲೆಂದೇ ಮಾಡಿದ ಜಾತಿ. ನಮ್ಮ ಜಿಲ್ಲೆಗೆ ಇದು ಏಕೆ ಬೇಕು ಅಂತ ಕೇಳುವವರು ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಒಮ್ಮೆ ಬೇಸಿಗೆಯಲ್ಲಿ ಹೋಗಿ ಬರಲಿ. ಆ ಕೆಂಪು ಧೂಳು ಮಾಮೂಲಿ ಲ್ಯಾಪ್‌ಟಾಪಿನ ಫ್ಯಾನಿಗೆ ಹೋಗಿ ಕಟ್ಟಿಕೊಂಡರೆ ಆಮೇಲೆ ಬೋರ್ಡೇ ಸುಡುತ್ತದೆ. ನನ್ನ ಅಂಗಡಿಗೆ ಅಂಥವು ಎಷ್ಟೋ ಬಂದಿವೆ. ಸಿಎಫ್-30ಕ್ಕೆ ಫ್ಯಾನೇ ಇಲ್ಲ, ಬಿಸಿಯನ್ನು ಮೈಯೇ ಹೊರಗೆ ಬಿಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅದರ ಹಿಂದೆ, ಹಳೇ ಸ್ಕ್ಯಾನಿಂಗ್ ಕೇಬಲ್ ಚುಚ್ಚಲು ಬೇಕಾದ ಒಂಬತ್ತು ಪಿನ್ನಿನ ಅಸಲಿ ಸೀರಿಯಲ್ ಪೋರ್ಟ್ ಇತ್ತು. ಈಗಿನ ಮಾಮೂಲಿ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಹುಡುಕಿದರೂ ಸಿಗುವುದಿಲ್ಲ.

ತಂದ ಮೇಲೆ ಕೆಲಸ ಶುರುವಾಯಿತು. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದೆ. ಟಫ್‌ಬುಕ್‌ನಲ್ಲಿ ಡಿಸ್ಕು ಮೆತ್ತೆಯಿರುವ ಡಬ್ಬಿಯೊಳಗೆ ಕೂತಿರುತ್ತದೆ, ಅದರ ಸಣ್ಣ ಪಟ್ಟಿ ಕೇಬಲ್ ಹರಿಯದಂತೆ ಉಗುರಿನಲ್ಲಿ ಬಿಡಿಸಬೇಕು. 32 ಬಿಟ್‌ನ ವಿಂಡೋಸ್ 7 ಹಾಕಿದೆ, ಹಳೆಯ ಗಾಡಿಗಳ ಸಾಫ್ಟ್‌ವೇರ್ ಬರೆದದ್ದೇ ಆ ಕಾಲದಲ್ಲಿ. ಮೈಕ್ರೋಸಾಫ್ಟ್ ಅದಕ್ಕೆ 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿದೆ. ಆದ್ದರಿಂದ ವೈಫೈ ಆಫ್, ಇಂಟರ್ನೆಟ್ ಇಲ್ಲ, ಗ್ಯಾರೇಜಿನ ಕೆಲಸ ಬಿಟ್ಟು ಬೇರೇನೂ ಅದರಲ್ಲಿ ಇಲ್ಲ. ಇದನ್ನು ಮೇಸ್ತ್ರಿಯ ಹುಡುಗರಿಗೆ ಗಟ್ಟಿಯಾಗಿ ಹೇಳಿದೆ, ಅವರೂ ಪಾಲಿಸಿದರು.

ತಾರೀಖು ಮಾತ್ರ ಪ್ರತಿ ಸಲ ಆಫ್ ಮಾಡಿದಾಗಲೂ ಹಿಂದಕ್ಕೆ ಓಡುತ್ತಿತ್ತು. ಒಳಗಿನ ಗಡಿಯಾರದ ಸೆಲ್ ಸತ್ತಿತ್ತು. ತಾರೀಖು ತಪ್ಪಾದರೆ ದುಡ್ಡು ಕೊಟ್ಟು ತಂದ ಸಾಫ್ಟ್‌ವೇರಿನ ಲೈಸೆನ್ಸ್ ಕೂಡ ತೆರೆಯುವುದಿಲ್ಲ, ಸೆಲ್ ಬದಲಾಯಿಸಿದ ಮೇಲೆ ತೆರೆಯಿತು. ಗಾಡಿಗೆ ಜೋಡಿಸುವ ಯುಎಸ್‌ಬಿ ಕೇಬಲ್ಲಿಗೂ ಡ್ರೈವರ್ ಹಾಕಿ, ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟಿನ ನಂಬರನ್ನು ಸಾಫ್ಟ್‌ವೇರ್ ಹುಡುಕುವ ಜಾಗಕ್ಕೆ, ಸಣ್ಣ ಅಂಕಿಗೆ ಇಳಿಸಿದೆ. ಅಲ್ಲೇ ಒಳಗೆ ಲೇಟೆನ್ಸಿ ಟೈಮರ್ ಅಂತಿದೆ, ಅದು ತಾನಾಗಿ 16 ಮಿಲಿಸೆಕೆಂಡ್‌ನಲ್ಲಿ ಕೂತಿರುತ್ತದೆ, 1ಕ್ಕೆ ತಂದೆ. ಕೆ-ಲೈನಿನ ಹಳೇ ಗಾಡಿಗಳು ಆ ಒಂದು ಬದಲಾವಣೆಗೇ ಬಾಯಿ ಬಿಟ್ಟವು. ಮುಚ್ಚಳ ಮುಚ್ಚಿದರೂ ನಿದ್ದೆ ಹೋಗದಂತೆ, ಸ್ಕ್ರೀನ್ ಆರದಂತೆ ಸೆಟ್ ಮಾಡಿದೆ. ಅರ್ಧ ಓದುವಾಗ ಲ್ಯಾಪ್‌ಟಾಪ್ ಮಲಗಿದರೆ ಸಂಪರ್ಕ ಕಡಿದು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಬ್ಯಾಟರಿ ಪೂರ್ತಿ ಹೋಗಿತ್ತು, ಅದರ ಚಾರ್ಜರಿಗೆ 15.6 ವೋಲ್ಟ್ ಬೇಕು, ಕಾರಿನ 12 ವೋಲ್ಟ್ ನೇರ ಕೊಟ್ಟರೆ ನಡೆಯದು. ಲಾರಿಯ ಹಳೇ ಬ್ಯಾಟರಿಗೆ ಇನ್ವರ್ಟರ್ ಹಾಕಿ ಒಂದು ತಳ್ಳುಗಾಡಿಯ ಮೇಲೆ ಇಟ್ಟೆವು. ಕರೆಂಟ್ ಹೋದರೂ ಚಿಂತೆಯಿಲ್ಲ.

ಮೇಸ್ತ್ರಿ ಅದನ್ನು ಒಂದು ಮೂಲೆಯಲ್ಲಿಟ್ಟು ಬಟ್ಟೆ ಹೊದಿಸಿದರು. ಅವರಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ, ಅದು ತಪ್ಪೂ ಅಲ್ಲ.

ಆಮೇಲೆ ಆ ಸೆಪ್ಟೆಂಬರ್ ಬಂತು. ಸಂಜೆ ಮಳೆಯಲ್ಲಿ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಒಂದು ಡೀಸೆಲ್ ಗಾಡಿ ಎಳೆದು ತಂದರು. ಹೊಸದುರ್ಗ ಕಡೆಯ ಕುಟುಂಬ, ವಯಸ್ಸಾದ ತಾಯಿ, ಸಣ್ಣ ಮಕ್ಕಳು. ಕೋಡಿ ನೋಡಿ ವಾಪಸ್ ಹೊರಟಾಗ ಗಾಡಿ ನಿಂತಿದೆ. ಸ್ಟಾರ್ಟರ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ದಾರಿಯಲ್ಲಿ ಯಾರೋ ನೋಡಿ ಡೀಸೆಲ್ ಪಂಪ್ ಹೋಗಿದೆ, ಹೊಸದು ಹಾಕಬೇಕು ಅಂದಿದ್ದರಂತೆ. ಕಾಮನ್ ರೈಲ್ ಪಂಪಿನ ಬೆಲೆ ಗೊತ್ತಿರುವವರಿಗೆ ಆ ಮನೆಯವರ ಮುಖ ಹೇಗಿತ್ತು ಅಂತ ಹೇಳಬೇಕಿಲ್ಲ.

ಗ್ಯಾರೇಜಿನ ಹುಡುಗರು ಪ್ಯಾಕಿಂಗ್ ಕಟ್ಟಿಗೆ ಉರಿ ಹಾಕಿ ಮಕ್ಕಳನ್ನು ಅದರ ಪಕ್ಕ ಕೂರಿಸಿದರು. ಮೇಸ್ತ್ರಿ ಮೊದಲು ಏರ್ ಫಿಲ್ಟರ್ ಬಿಚ್ಚಿ ಎಂಜಿನ್ ಒಳಗೆ ನೀರು ಹೋಗಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ಕೀ ತಿರುಗಿಸಿ ಸ್ವಲ್ಪ ಹೊತ್ತು ಮೀಟರನ್ನೇ ನೋಡಿದರು. ‘ಪಂಪ್ ಯಾಕ್ ಬಿಚ್ಬೇಕು? ಆರ್‌ಪಿಎಂ ಮುಳ್ಳೇ ಏಳ್ತಿಲ್ಲ ನೋಡು’ ಅಂದರು. ನನಗೆ ಮೈ ಜುಮ್ಮೆಂದಿತು. ಲ್ಯಾಪ್‌ಟಾಪ್ ತರಲು ಅವರೇ ಕಣ್ಣು ಸನ್ನೆ ಮಾಡಿದರು.

ಗಾಡಿಯ ಬ್ಯಾಟರಿ ಸೊರಗಿದ್ದರೆ ಕಂಪ್ಯೂಟರ್ ಇಲ್ಲದ ದೋಷಗಳನ್ನೂ ಬರೆದಿಡುತ್ತದೆ, ಹಾಗಾಗಿ ಮೊದಲು ಬೂಸ್ಟರ್ ಬ್ಯಾಟರಿ ಕಟ್ಟಿದೆವು. ಕೇಬಲ್ ಚುಚ್ಚಿ, ಕೀ ಆನ್ ಮಾಡಿ, ಕಾದೆವು. ಆ ಐದು ಬಿಟ್‌ನ ನಿಧಾನ ಗತಿಯಲ್ಲಿ ಎರಡು ಸೆಕೆಂಡ್ ಬಹಳ ಉದ್ದ ಅನಿಸಿತು. ಉತ್ತರವಾಗಿ ದೋಷದ ಕೋಡ್ ಬಂತು: ಪಿ0335. ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರ್, ಸರ್ಕ್ಯೂಟ್ ದೋಷ. ಲೈವ್ ಡೇಟಾ ತೆರೆದು ಮತ್ತೆ ಸ್ಟಾರ್ಟರ್ ತಿರುಗಿಸಿದೆವು, ಎಂಜಿನ್ ತಿರುಗುತ್ತಿದ್ದರೂ ಪರದೆಯ ಮೇಲೆ ವೇಗ ಸೊನ್ನೆ. ಫ್ಲೈವೀಲ್ ಕಡೆ ಹಲ್ಲಿನ ಚಕ್ರವೊಂದಿರುತ್ತದೆ, ಅರವತ್ತು ಹಲ್ಲಿನ ಜಾಗದಲ್ಲಿ ಐವತ್ತೆಂಟು ಹಲ್ಲು, ಎರಡು ಹಲ್ಲಿನ ಖಾಲಿ. ಆ ಖಾಲಿ ಜಾಗ ಸೆನ್ಸರಿನ ಮುಂದೆ ಹಾದುಹೋದಾಗಲೇ ಪಿಸ್ಟನ್ ಎಲ್ಲಿದೆ ಅಂತ ಕಂಪ್ಯೂಟರಿಗೆ ಗೊತ್ತಾಗುವುದು. ಗೊತ್ತಾಗದಿದ್ದರೆ ಅದು ಇಂಜೆಕ್ಟರಿಗೆ ಆಜ್ಞೆ ಕೊಡುವುದಿಲ್ಲ. ಪಂಪ್ ಎಷ್ಟೇ ಚೆನ್ನಾಗಿದ್ದರೂ ಎಂಜಿನ್ ಹಿಡಿಯುವುದಿಲ್ಲ.

ಹಾಗಾದರೆ ಸೆನ್ಸರ್ ಬದಲಾಯಿಸಬೇಕು ಅಂತ ಹುಡುಗರು ಅಂದರು. ಮೇಸ್ತ್ರಿ ತಡೆದರು. ಪರದೆಯ ಮೇಲೆ ‘ಸರ್ಕ್ಯೂಟ್’ ಅಂತಲೂ ಇದೆ ಅಂತ ನಾನು ಓದಿ ಹೇಳಿದ್ದೇ ಅವರಿಗೆ ಸಾಕಾಯಿತು. ಸರ್ಕ್ಯೂಟ್ ಅಂದರೆ ಸೆನ್ಸರ್, ಅದರ ಪ್ಲಗ್ಗು, ಕಂಪ್ಯೂಟರ್‌ವರೆಗಿನ ವೈರು, ಎಲ್ಲ ಸೇರಿ. ಮಲ್ಟಿಮೀಟರ್ ಹಿಡಿದು ಸೆನ್ಸರಿನ ಎರಡು ಪಿನ್ನಿಗೆ ಮುಟ್ಟಿಸಿದರು. ಎಂಟುನೂರು ಚಿಲ್ಲರೆ ಓಮ್, ಸರಿಯಾಗಿದೆ. ಕಂಪ್ಯೂಟರಿನ ತುದಿಯಲ್ಲಿ ಪ್ಲಗ್ ಬಿಚ್ಚಿ ಅದೇ ವೈರಿನಲ್ಲಿ ನೋಡಿದರೆ ರೀಡಿಂಗೇ ಇಲ್ಲ. ಟಾರ್ಚ್ ಹಿಡಿದು ವೈರಿಂಗ್ ಉದ್ದಕ್ಕೂ ಬೆರಳಾಡಿಸುತ್ತಾ ಹೋದರು. ಎಂಜಿನ್ ಹಿಂಬದಿಯ ಒಂದು ಬ್ರ್ಯಾಕೆಟ್ ಹತ್ತಿರ ಬೆರಳು ನಿಂತಿತು. ಅಲುಗಾಟಕ್ಕೆ ತಿಕ್ಕಿ ತಿಕ್ಕಿ ವೈರಿನ ಹೊದಿಕೆ ಸವೆದಿತ್ತು, ಒಳಗಿನ ತಾಮ್ರ ಹಸಿರುಗಟ್ಟಿತ್ತು. ಎಷ್ಟೋ ದಿನದಿಂದ ಒಂದೆರಡು ಎಳೆಯ ಮೇಲೆ ನಡೆಯುತ್ತಿದ್ದ ವೈರು, ಆ ದಿನದ ನೀರಿಗೆ ಪೂರ್ತಿ ಬಿಟ್ಟಿತ್ತು.

ಕೆಟ್ಟ ತುಂಡು ಕತ್ತರಿಸಿ, ಹೊಸ ತುಂಡು ಬೆಸುಗೆ ಹಾಕಿ, ಸ್ಲೀವ್ ಏರಿಸಿ ಬಿಸಿ ಮಾಡಿ, ಬ್ರ್ಯಾಕೆಟ್ಟಿಗೆ ತಾಗದ ಹಾಗೆ ಕಟ್ಟಿದರು. ಕೀ ತಿರುಗಿಸಿದರೆ ಪರದೆಯ ಸೊನ್ನೆ ಇನ್ನೂರು ದಾಟಿತು, ಎಂಜಿನ್ ಹಿಡಿಯಿತು, ಎಂಟುನೂರರ ಹತ್ತಿರ ಬಂದು ನಿಂತಿತು. ಕೋಡ್ ಅಳಿಸಿ, ರಸ್ತೆಯಲ್ಲಿ ಓಡಿಸಿ, ಮತ್ತೆ ಓದಿದೆವು. ಏನೂ ಇಲ್ಲ. ಪಂಪನ್ನು ಯಾರೂ ಮುಟ್ಟಲೇ ಇಲ್ಲ. ಮೇಸ್ತ್ರಿ ತಗೊಂಡಿದ್ದು ವೈರು ಮತ್ತು ಕೂಲಿಯ ದುಡ್ಡು. ಆ ಕುಟುಂಬ ರಾತ್ರಿಯೇ ಊರು ಸೇರಿತು.

ಆ ರಾತ್ರಿಯಿಂದ ಟಫ್‌ಬುಕ್ಕಿಗೆ ಹೊದಿಸಿದ್ದ ಬಟ್ಟೆ ಹೋಯಿತು. ಮೇಸ್ತ್ರಿ ಅದನ್ನು ಸ್ಪ್ಯಾನರ್ ಬೋರ್ಡಿನ ಪಕ್ಕದಲ್ಲೇ ಇಟ್ಟುಕೊಂಡರು. ಹುಡುಗರಿಗೆ ಅವರು ಕಲಿಸಿದ ಕ್ರಮ ನನಗೆ ಇವತ್ತಿಗೂ ಸರಿ ಅನಿಸುತ್ತದೆ: ಮೊದಲು ಕಣ್ಣು, ಕಿವಿ, ಮೂಗು, ಆಮೇಲೆ ಲ್ಯಾಪ್‌ಟಾಪ್, ಆಮೇಲೆ ಮೀಟರ್ ಹಿಡಿದು ಖಾತ್ರಿ, ಅದೆಲ್ಲ ಆದ ಮೇಲೆಯೇ ಪಾರ್ಟ್ಸ್ ಅಂಗಡಿ. ಕೋಡ್ ನೋಡಿದ ತಕ್ಷಣ ಪಾರ್ಟ್ಸ್ ತರಿಸುವ ಅಭ್ಯಾಸ ದೊಡ್ಡ ಊರುಗಳಲ್ಲೂ ಇದೆ, ಅದರಿಂದ ಎಷ್ಟು ಒಳ್ಳೆಯ ಸೆನ್ಸರುಗಳು ಗುಜರಿಗೆ ಹೋಗುತ್ತವೋ. ಯಂತ್ರ ಎಲ್ಲಿ ನೋಡಬೇಕು ಅಂತ ಹೇಳುತ್ತದೆ, ಏನು ಕೆಟ್ಟಿದೆ ಅಂತ ನೋಡಿ ಹೇಳಬೇಕಾದವನು ಮೇಸ್ತ್ರಿಯೇ.

ಅದೇ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ವರ್ಷದ ಕೊನೆಗೆ ಒಂದು ಪೋರ್ಟಲ್ ತೆರೆಯಿತು. ಮೊಬೈಲ್, ಮನೆಬಳಕೆಯ ವಸ್ತು, ಕೃಷಿ ಯಂತ್ರಗಳ ಜೊತೆ ವಾಹನಗಳೂ ಅದರಲ್ಲಿವೆ. ಒಳ್ಳೆಯ ಹೆಜ್ಜೆ. ಆದರೆ ಹೊಳಲ್ಕೆರೆಯ, ಹೊಸದುರ್ಗದ ಒಬ್ಬ ಮೇಸ್ತ್ರಿಗೆ ಮಾಹಿತಿಯ ಜೊತೆ ಅದನ್ನು ಓದುವ ಸಾಧನವೂ ಬೇಕು. ನಿಮ್ಮ ಆಫೀಸಿನಲ್ಲೋ ಕಾರ್ಖಾನೆಯಲ್ಲೋ ಹಿಂದೆ ಒಂಬತ್ತು ಪಿನ್ನಿನ ಪೋರ್ಟಿರುವ ಗಟ್ಟಿ ಹಳೇ ಲ್ಯಾಪ್‌ಟಾಪ್ ಇದ್ದರೆ, ಅದರೊಳಗಿನ ನಿಮ್ಮ ಮಾಹಿತಿ ಪೂರ್ತಿ ಅಳಿಸಿ, ಗುಜರಿಗೆ ತೂಕಕ್ಕೆ ಹಾಕುವ ಮೊದಲು ಹತ್ತಿರದ ಒಂದು ಸಣ್ಣ ಗ್ಯಾರೇಜನ್ನೋ ಐಟಿಐಯನ್ನೋ ಕೇಳಿ ನೋಡಿ.