ಪಾರ್ವತಿ ಕಣಿವೆಯಲ್ಲಿ ಮಗನ ನೌಕರಿ

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಯಾವ ಕೆಲಸಕ್ಕೆ ಹಚ್ಚಬೇಕೆಂಬ ಚಿಂತೆ ವ್ಯಾಪಾರಿ ಮನೆತನಗಳಲ್ಲಿ ಇರುವುದಿಲ್ಲ. ಅಂಗಡಿ ಇದ್ದೇ ಇದೆ. ಜತ್ತದ ನಮ್ಮ ಕಿರಾಣಿ ಅಂಗಡಿಯಲ್ಲಿಯೂ ಮೂರು ತಲೆಮಾರಿನಿಂದ ಹಾಗೆಯೇ ನಡೆದು ಬಂದಿದೆ. ಆದರೆ 2024ರ ಬೇಸಿಗೆಯಲ್ಲಿ, ಬಿ.ಕಾಂ. ಪರೀಕ್ಷೆ ಬರೆದ ನನ್ನ ಕಿರಿಯ ಮಗ ಹಿಮಾಚಲ ಪ್ರದೇಶದ ಟ್ರೆಕ್ಕಿಂಗ್ ಕ್ಯಾಂಪೊಂದರಲ್ಲಿ ಎರಡು ತಿಂಗಳ ನೌಕರಿ ಹಿಡಿದ. “ನಾಲ್ಕು ಮಂದಿಗೆ ಪಗಾರ ಕೊಡೋ ಮನಿಯವರು ನಾವು. ನೀ ಮಂದಿ ಕೈಯಾಗ ದುಡಿಯೋದೇನು?” ಎಂದು ಅವನ ದೊಡ್ಡಪ್ಪ ಕೇಳಿದರು. ಅವನ ತಾಯಿಗೆ ಊಟದ ಚಿಂತೆ. ಮನೆಯಲ್ಲಿ ಕುಳಿತು ಚಿಂತಿಸುವುದಕ್ಕಿಂತ ಸ್ಥಳ ನೋಡಿ ಬರುವುದೇ ಒಳ್ಳೆಯದೆಂದು ನಾನೂ ಅವನ ಜೊತೆ ಹೊರಟೆ.

ಮಿರಜದಲ್ಲಿ ಗೋವಾ ಎಕ್ಸ್‌ಪ್ರೆಸ್ ಹತ್ತಿದರೆ ದಿಲ್ಲಿಗೆ ಎರಡು ರಾತ್ರಿ, ಒಂದು ಹಗಲಿನ ಪ್ರಯಾಣ. ಕೆಂಪು ಕೋಟೆಯ ಎದುರಿಗಿರುವ ಲಾಲ್ ಮಂದಿರದಲ್ಲಿ ದರ್ಶನ ಮಾಡಿಕೊಂಡು, ಅಲ್ಲಿಯ ಪಕ್ಷಿಗಳ ಆಸ್ಪತ್ರೆಯನ್ನೂ ನೋಡಿದೆವು. ಸಂಜೆ ಕಾಶ್ಮೀರಿ ಗೇಟಿನಿಂದ ಬಸ್ಸು. ಬೆಳಗಾದಾಗ ಬಿಯಾಸ್ ನದಿ ರಸ್ತೆಯ ಪಕ್ಕದಲ್ಲೇ ಹರಿಯುತ್ತಿತ್ತು. ಭುಂತರದಲ್ಲಿ ಪಾರ್ವತಿ ನದಿ ಬಂದು ಅದನ್ನು ಕೂಡುತ್ತದೆ. ಅಲ್ಲಿಂದ ಪಾರ್ವತಿಯ ದಂಡೆಗುಂಟ ಸುಮಾರು 30 ಕಿ.ಮೀ. ಏರಿದರೆ ಕಸೋಲ್. ಸುತ್ತಲೂ ದೇವದಾರು ಮರಗಳು, ಅವುಗಳ ಮೇಲೆ ಹಿಮದ ಶಿಖರಗಳು. ಟ್ಯಾಂಕರ್ ನೀರಿಗೆ ಕಾಯ್ದು ಬಲ್ಲ ಜತ್ತ ತಾಲೂಕಿನವನಿಗೆ, ಹಗಲಿರುಳು ಭೋರ್ಗರೆಯುವ ಆ ನೀರನ್ನು ಎಷ್ಟು ನೋಡಿದರೂ ಸಾಲದು.

ಕಸೋಲ್ ಸಣ್ಣ ಊರು. ಇಸ್ರೇಲಿನ ಪ್ರವಾಸಿಗರು ಬಹಳ ಬರುವುದರಿಂದ ಅಂಗಡಿಗಳ ಮೇಲೆ ಹೀಬ್ರೂ ಅಕ್ಷರದ ಫಲಕಗಳೂ ಕಾಣುತ್ತವೆ. ಈ ಕಣಿವೆಗೆ ಚರಸಿನ ಕೆಟ್ಟ ಹೆಸರೂ ಇದೆ. ಮಗನನ್ನು ಕಳಿಸುವ ತಂದೆಗೆ ಇದು ಗೊತ್ತಿರಬೇಕು. ನಾನು ಕ್ಯಾಂಪಿನ ಮುಖ್ಯಸ್ಥರನ್ನು ಮುಚ್ಚುಮರೆಯಿಲ್ಲದೆ ಕೇಳಿದೆ. “ಅಮಲಿನ ಪದಾರ್ಥ ಸಿಕ್ಕರೆ ಗಿರಾಕಿಯಾಗಲಿ, ನೌಕರನಾಗಲಿ ಅದೇ ದಿನ ವಾಪಸು” ಎಂದರು. ಅವರು ತಡವರಿಸದೆ ಉತ್ತರ ಕೊಟ್ಟದ್ದು ನನಗೆ ಸಮಾಧಾನವಾಯಿತು.

ನದಿಯ ಪಕ್ಕದಲ್ಲಿ ಡೇರೆಗಳ ಸಾಲು, ಅದೇ ಕ್ಯಾಂಪು. ಟ್ರೆಕ್ಕಿಂಗ್ ತಂಡಗಳು ಇಲ್ಲಿ ತಂಗಿ, ಗ್ರಾಹಣ ಎಂಬ ಹಳ್ಳಿಯ ಮೇಲಿಂದ ಸುಮಾರು 13,800 ಅಡಿ ಎತ್ತರದ ಸರ್ ಪಾಸ್ ಕಡೆಗೆ ನಡೆಯುತ್ತವೆ. ಮೊದಲ ದಿನ ಮಗನಿಗೆ ಸಿಕ್ಕದ್ದು ಉಗ್ರಾಣದ ಕೆಲಸ. ಸ್ಲೀಪಿಂಗ್ ಬ್ಯಾಗ್ ಎಣಿಸಿ ಕೊಡಬೇಕು, ಮರಳಿ ಬಂದವನ್ನು ಬಿಸಿಲಿಗೆ ಹಾಕಿ ಎಣಿಸಿ ಇಡಬೇಕು. ಮೇಲಿನ ಕ್ಯಾಂಪುಗಳಿಗೆ ಹೇಸರಗತ್ತೆಯ ಮೇಲೆ ಹೋಗುವ ಅಕ್ಕಿ, ಬೇಳೆ, ಗ್ಯಾಸ್ ತೂಗಿ ಬರೆಯಬೇಕು. ಎರಡೂ ಮಗ್ಗುಲಿನ ಹೊರೆ ಸಮ ಇರಬೇಕು. “ಅಪ್ಪಾ, ಇಲ್ಲಿಗೆ ಬಂದ್ರೂ ತಕ್ಕಡಿ ಬಿಡಲಿಲ್ಲ ನೋಡ್ರಿ” ಎಂದು ನಕ್ಕ. ನಮ್ಮಲ್ಲಿ ಸಕ್ಕರೆ ಕಡಿಮೆ ಬಿದ್ದರೆ ಪಕ್ಕದ ಅಂಗಡಿಯಿಂದ ತರಿಸುತ್ತೇವೆ. ಅಲ್ಲಿ ಮೇಲೆ ಕಳಿಸದೆ ಉಳಿದದ್ದು ಇಲ್ಲವೆಂದೇ ಅರ್ಥ.

ಮರುದಿನದ ಪಾಠ ಬೇರೆ. ಬೆರಳಿಗೆ ಚಿಕ್ಕ ಯಂತ್ರ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವುದು, ತಲೆನೋವು, ವಾಕರಿಕೆ ಇದೆಯೇ ಎಂದು ಪ್ರತಿಯೊಬ್ಬರನ್ನೂ ಕೇಳುವುದು. ಎತ್ತರದ ಬೇನೆಯ ಲಕ್ಷಣ ಕಂಡರೆ ಮುಂದೆ ಏರಗೊಡಬಾರದು. ಹೆಚ್ಚಾದರೆ ರಾತ್ರಿಯಾದರೂ ಕೆಳಗೆ ಇಳಿಸಬೇಕು. ರೊಕ್ಕ ತುಂಬಿ ಬಂದ ಗಿರಾಕಿಗೆ “ನೀವು ಹೋಗುವಂತಿಲ್ಲ” ಎಂದು ಹೇಳುವುದನ್ನು ನಮ್ಮ ಗಾದಿಯ ಮೇಲೆ ಯಾರೂ ಕಲಿಸುವುದಿಲ್ಲ. ಗಿರಾಕಿಯ ಜೀವ ಅವನ ರೊಕ್ಕಕ್ಕಿಂತ ದೊಡ್ಡದೆಂಬುದನ್ನು ಆ ಬೆಟ್ಟದ ಹಳ್ಳಿಯ ಹುಡುಗರು ನನ್ನ ಮಗನಿಗೆ ಕಲಿಸಿದರು.

ಇನ್ನು ಊಟ. ಕ್ಯಾಂಪು ಶಾಕಾಹಾರಿಯೇ, ಆದರೆ ಬಟಾಟೆ, ಉಳ್ಳಾಗಡ್ಡಿ ಇಲ್ಲದ ಪಲ್ಯ ಇಲ್ಲ. ಅಡಿಗೆಯವನ ಜೊತೆ ಮೊದಲೇ ಮಾತಾಡಿದೆವು. ಒಗ್ಗರಣೆಗೆ ಮುಂಚೆ ಬೇಳೆ ತೆಗೆದಿಡುವುದು, ಜೊತೆಗೆ ಅನ್ನ, ರೊಟ್ಟಿ. ಮೇ ಕೊನೆಗೆ ಅಲ್ಲಿ ಸೂರ್ಯಾಸ್ತ ಏಳೂಕಾಲಿನ ಸುಮಾರಿಗೆ. ಮಗ ಆರಕ್ಕೆ ಉಂಡು, ಆಮೇಲೆ ಉಳಿದವರಿಗೆ ಬಡಿಸುತ್ತಿದ್ದ. ನೀರು ಸೋಸಿ ಕಾಯಿಸಿದ್ದು. ಹತ್ತು ಸಾವಿರ ಅಡಿಯ ಮೇಲೆ ನೀರು 90 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದಿದ್ದರೆ ಬೇಳೆ ಸರಿಯಾಗಿ ಬೇಯುವುದಿಲ್ಲ. ಕಸೋಲಿನಿಂದ 4 ಕಿ.ಮೀ. ಮುಂದಿರುವ ಮಣಿಕರಣದಲ್ಲಂತೂ ಭೂಮಿಯಿಂದ ಉಕ್ಕುವ ಬಿಸಿನೀರಿನಲ್ಲೇ ಅಕ್ಕಿಯ ಗಂಟು ಇಳಿಬಿಟ್ಟು ಅನ್ನ ಮಾಡುತ್ತಾರೆ!

ಮೂರು ದಿನ ಇದ್ದು ನಾನು ತಿರುಗಿ ಬಂದೆ. ಜೂನ್ ಕೊನೆಗೆ ಮಗ ಬಂದ. ಮುಖ ಕಪ್ಪಾಗಿತ್ತು, ಕೈ ಒಡೆದಿತ್ತು. ಪಗಾರದ ಲಕೋಟೆಯನ್ನು ಒಡೆಯದೆ ತಾಯಿಯ ಕೈಗೆ ಕೊಟ್ಟ. ಈಗ ಪರ್ವತಾರೋಹಣದ ತರಬೇತಿಗೆ ಹೋಗುವ ಮಾತಾಡುತ್ತಾನೆ. 1954ರಲ್ಲಿ ಆರಂಭವಾದ ಡಾರ್ಜಿಲಿಂಗಿನ ಸಂಸ್ಥೆ, 1965ರಲ್ಲಿ ಆರಂಭವಾದ ಉತ್ತರಕಾಶಿಯ ನೆಹರೂ ಸಂಸ್ಥೆ ಎರಡರಲ್ಲೂ ಇಂಥ ತರಬೇತಿ ಇದೆ. ಅವನು ಅಂಗಡಿಯಲ್ಲಿ ಕೂಡ್ರುವನೋ, ಬೆಟ್ಟ ಹತ್ತುವನೋ ಇನ್ನೂ ನಿಶ್ಚಯವಾಗಿಲ್ಲ. ಅದನ್ನು ಅವನಿಗೇ ಬಿಟ್ಟಿದ್ದೇನೆ.

ಮಕ್ಕಳನ್ನು ಇಂಥ ಕೆಲಸಕ್ಕೆ ಕಳಿಸುವ ಬಂಧುಗಳಿಗೆ ನನ್ನ ಸೂಚನೆ ಇಷ್ಟೇ. ಪಗಾರ, ವಿಮೆ, ಕೆಲಸದ ವೇಳೆ ಬರಹದಲ್ಲಿ ಪಡೆಯಿರಿ. ಊಟದ ನಿಯಮವನ್ನು ಸಂಕೋಚವಿಲ್ಲದೆ ಮೊದಲೇ ತಿಳಿಸಿರಿ. ಸಾಧ್ಯವಿದ್ದರೆ ಒಮ್ಮೆ ಹೋಗಿ ನೋಡಿ ಬನ್ನಿರಿ. ನಂತರ ಧೈರ್ಯವಾಗಿ ಕಳಿಸಿರಿ.